ಮಳೆಹುಳು ಸಾಕು ಅಂದದ್ದು

ನೀರಿಗೆ ಇನ್ನೂ ಹರಿಯುವ ದಾರಿ ಗೊತ್ತಿರಲಿಲ್ಲ, ಬೆಟ್ಟಗಳು ಇನ್ನೂ ಮೆತ್ತಗಿದ್ದವು, ಅಂಥ ಕಾಲದ ಮಾತು ಕಂದಾ. ಆಗ ಹಣೆಬರಹ ಬರೆಯುತ್ತಿರಲಿಲ್ಲ, ಬಡಿಸುತ್ತಿದ್ದರು. ಬಡಿಸುವವಳು ಪಾಲಮ್ಮ ಅಂತ ಒಬ್ಬ ದೇವತೆ. ಯಾರ ಪಾಲಿಗೆ ಎಷ್ಟು ಬಾಳು ಅನ್ನೋದೆಲ್ಲ ಅವಳ ಸೌಟಿನಲ್ಲಿತ್ತು.

ಪಂಕ್ತಿಯ ದಿನ ಅವಳು ದೊಡ್ಡ ಹಂಡೆ ತುಂಬ ಆಯಸ್ಸಿನ ಹಾಲುಪಾಯಸ ಕಾಯಿಸಿದಳು. ಮೋಡ ನೀರು ತಂದುಕೊಟ್ಟಿತು. ಗಾಳಿ ಒಲೆ ಊದಿಕೊಟ್ಟಿತು. ಜೀವಗಳೆಲ್ಲ ಎಲೆ ಹಾಕಿಕೊಂಡು ಸಾಲಾಗಿ ಕೂತವು. ಪಾಲಮ್ಮನಿಗೆ ಹಿಗ್ಗೋ ಹಿಗ್ಗು! ಯಾರೂ ಅರೆಹೊಟ್ಟೆಯಲ್ಲಿ ಏಳಬಾರದು ಅಂತ ಅವಳ ಆಸೆ.

ಆದರೆ ಅಲ್ಲೊಂದು ಕಟ್ಟಳೆ ಇತ್ತು. ಬಡಿಸುವವಳು ಮುಂದೆ ಮುಂದೆ ಹೋಗಬೇಕು, ಸಾಲು ಮುಗಿಯುವ ತನಕ ಹಿಂದಕ್ಕೆ ಬರುವಂತಿಲ್ಲ.

ಮೊದಲ ಎಲೆಯ ಮುಂದೆ ಕೂತಿತ್ತು ತೆಳ್ಳಿ, ಹುತ್ತದಿಂದ ಬಂದ ಒಂದು ಪುಟಾಣಿ ಮಳೆಹುಳು. ಅದಕ್ಕಾಗ ರೆಕ್ಕೆ ಇರಲಿಲ್ಲ. ಬಲು ನಯದ ಜೀವ. ಮೊದಲು ಬೇಡ ಅನ್ನಬೇಕು, ಬಲವಂತ ಮಾಡಿದ ಮೇಲೆ ಹಾಕಿಸಿಕೊಳ್ಳಬೇಕು, ಅದು ಹುತ್ತದವರ ಮರ್ಯಾದೆ.

ಸೌಟಿನಿಂದ ಒಂದು ಹನಿ ಬಿತ್ತೋ ಇಲ್ಲವೋ, ತೆಳ್ಳಿ ಎಲೆಗೆ ಕೈ ಅಡ್ಡ ಹಿಡಿಯಿತು. "ಅಯ್ಯೋ, ಸಾಕು ಸಾಕು ತಾಯಿ!"

"ಸಾಕಾ? ಸರಿ ಮಗಾ" ಅಂದು ಪಾಲಮ್ಮ ಮುಂದೆ ಹೋದಳು.

ಅವಳಿಗಾದರೂ ಏನು ಗೊತ್ತು ಹೇಳು? ಅವಳು ಯಾರ ಮನೆಯಲ್ಲೂ ಉಂಡವಳಲ್ಲ. ವಿಧಿಯನ್ನು ಊಟಕ್ಕೆ ಯಾರು ಕರೀತಾರೆ! ಸಾಕು ಅಂದವರಿಗೆ ಇನ್ನೊಂದು ಸೌಟು ಹಾಕಬೇಕು ಅಂತ ಅವಳಿಗೆ ಹೇಳಿಕೊಟ್ಟವರೇ ಇರಲಿಲ್ಲ.

ಸಾಲಿನ ಕೊನೆಗೆ ಆಮೆ ಕೂತಿತ್ತು. ಅದಕ್ಕೆ ನಾಚಿಕೆಯೂ ಇಲ್ಲ, ಮಣ್ಣೂ ಇಲ್ಲ. "ಹಾಕು, ಹಾಕು, ಇನ್ನೂ ಹಾಕು" ಅಂತ ಹಂಡೆಯ ತಳ ಕಾಣುವವರೆಗೂ ಹಾಕಿಸಿಕೊಂಡು ತೇಗಿತು.

ಆಗ ಗಾಳಿ ಮೆಲ್ಲಗೆ ಹೇಳಿತು, "ತಾಯಿ, ತೆಳ್ಳಿ ಇನ್ನೂ ಎಲೆ ಬಿಟ್ಟು ಎದ್ದಿಲ್ಲ ನೋಡು."

"ಅದು ಸಾಕು ಅಂದಿತಲ್ಲ?"

"ನಾಚಿಕೆಗೆ ಅಂದದ್ದು ತಾಯಿ! ನೀನು ಮತ್ತೆ ಕೇಳ್ತೀಯ ಅಂತ ಕಾಯ್ತಾ ಕೂತಿದೆ."

ಪಾಲಮ್ಮ ಹಂಡೆ ಕೆರೆದಳು, ಸೌಟು ಕೊಡವಿದಳು. ಹಂಡೆಯ ಅಂಚಿಗೆ ಒಂಚೂರು ಕೆನೆ ಅಂಟಿತ್ತು, ಅಷ್ಟೇ.

"ಇನ್ನೊಂದು ಸಲ ಕೇಳಬೇಕಿತ್ತು ಮಗಾ" ಅಂತ ಬಿಕ್ಕಿದಳು. "ಕೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?"

"ಇರಲಿ ಬಿಡು ತಾಯಿ, ಅಳಬೇಡ" ಅಂದಿತು ತೆಳ್ಳಿ. "ನನ್ನ ಎಲೆಯಲ್ಲಿ ಎಷ್ಟಿದೆ?"

"ಒಂದು ಸಂಜೆ."

ತೆಳ್ಳಿಗೆ ಬೆಳಗಾಗುವುದನ್ನು ನೋಡುವ ಆಸೆಯಿತ್ತು. ಆಗಲೂ ಹೇಳಲಿಲ್ಲ.

ಪಾಲಮ್ಮ ಆ ಕೆನೆಯನ್ನು ಹರಿಯದ ಹಾಗೆ ಬಿಡಿಸಿ ಅದರ ಬೆನ್ನಿಗೆ ಅಂಟಿಸಿದಳು. ರೆಕ್ಕೆಯಾಯಿತು. "ಮುಂದಿನ ಮಳೆಗೆ ಮತ್ತೆ ಪಾಯಸ ಕಾಯಿಸ್ತೀನಿ. ಬಾಗಿಲಲ್ಲಿ ದೀಪ ಇಟ್ಟಿರ್ತೀನಿ, ನಿನ್ನವರಿಗೆಲ್ಲ ಬರಹೇಳು" ಅಂದಳು. ಬಾಳನ್ನು ಎರಡನೇ ಸಲ ಬಡಿಸೋದಿಲ್ಲ ಅಂತ ಅವಳಿಗೂ ಗೊತ್ತಿತ್ತು. ಸಂಕಟಕ್ಕೆ ಅಂದುಬಿಟ್ಟಳು.

ಅದಕ್ಕೇ ಕಂದಾ, ಮೊದಲ ಮಳೆ ಬಿದ್ದ ಸಂಜೆ ನಾವು ದೀಪ ಹಚ್ಚಿದ ಕೂಡಲೇ ಮಳೆಹುಳುಗಳು ಹುತ್ತದಿಂದ ಎದ್ದು ಬಂದು, ಪಾಲಮ್ಮನ ಬಾಗಿಲು ಇದೇ ಅಂತ ಸುತ್ತಿದ್ದೇ ಸುತ್ತಿದ್ದು, ಸಾಕು ಅನ್ನೋ ಮಾತೇ ಇಲ್ಲ. ಬೆಳಗ್ಗೆ ಹೊಸಿಲು ಗುಡಿಸುವಾಗ ನಿನಗೆ ಸಿಗೋದು ಆ ಕೆನೆಯ ರೆಕ್ಕೆ ಮಾತ್ರ.