ಭರಮಯ್ಯ ಬಸ್ಸು ನಿಲ್ಲಿಸಿದ್ದು

ಯಾವ ಇಸವಿ ಅಂತ ಕೇಳಬೇಡಿ, ನನ್ನಜ್ಜನಿಗೂ ಗೊತ್ತಿರಲಿಲ್ಲ. ಬಹಳ ಹಿಂದೆ ಒಂದೂರಲ್ಲಿ ಒಂದು ಆಸ್ಪತ್ರೆ, ಆ ಆಸ್ಪತ್ರೆಯಲ್ಲಿ ಒಂದು ದೊಡ್ಡ ಕ್ಯಾಮೆರಾ. ರೋಗಿಗೆ ಕಿರಣ ಸೂಸುವ ಮದ್ದು ಚುಚ್ಚಿದರೆ, ಅದು ಮೈಯೊಳಗೆ ಎಲ್ಲಿ ಎಷ್ಟು ಕೂತಿದೆ ಅಂತ ಆ ಕ್ಯಾಮೆರಾ ಎಣಿಸಿ ಹೇಳುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವನು ಭರಮಯ್ಯ.

ದಿನಾ ಬೆಳಿಗ್ಗೆ ರೋಗಿಗಳಿಗಿಂತ ಮುಂಚೆ ಅವನು ಕ್ಯಾಮೆರಾವನ್ನೇ ಪರೀಕ್ಷೆ ಮಾಡುತ್ತಿದ್ದನಂತೆ. ಒಂದು ಬಟ್ಟಲಲ್ಲಿ ಮದ್ದು ಅಳೆದು ಇಡುವುದು. ನಿಮಿಷಕ್ಕೆ ಎಷ್ಟು ಎಣಿಕೆ ಬಂತು ನೋಡುವುದು. ಖಾಲಿ ಕೋಣೆಯ ಎಣಿಕೆಯನ್ನು ಅದರಿಂದ ಕಳೆದು, ಮದ್ದಿನ ಬಲದಿಂದ ಭಾಗಿಸುವುದು. ಸಿಕ್ಕಿದ್ದೇ ಆ ಕ್ಯಾಮೆರಾ ಕಣ್ಣಿನ ಚುರುಕು. ಮದ್ದಿನ ಬಲವನ್ನು ಅವನು ಮೂಸಿಯೇ ಹೇಳುತ್ತಿದ್ದನಂತೆ. ಅದು ಸುಳ್ಳು. ಅಳೆಯದೆ ಅವನು ಒಂದು ಮಾತೂ ಆಡುತ್ತಿರಲಿಲ್ಲ.

ಒಂದು ದಿನ ಎಂಟು ಗಂಟೆಗೆ ಮದ್ದು ಅಳೆದ. ಅಷ್ಟರಲ್ಲಿ ಕರೆಂಟು ಹೋಯಿತು. ಬಂದದ್ದು ಮಧ್ಯಾಹ್ನ ಎರಡಕ್ಕೆ. ಆಗ ಎಣಿಸಿದರೆ ಚುರುಕು ಎಂದಿನ ಅರ್ಧ! ಕರೆಂಟು ಹೋಗಿ ಬಂದ ಹೊಡೆತಕ್ಕೆ ಕ್ಯಾಮೆರಾ ಮಂಕಾಗಿದೆ ಅಂದುಕೊಂಡ, ಹೊಸ ಅಂಕಿಯನ್ನೇ ಬರೆದ.

ಅದೇ ಮಧ್ಯಾಹ್ನ ಹೊನ್ನೂರಮ್ಮ ಬಂದಳು. ಎದೆ ಡವಗುಟ್ಟುವ ಬಾಣಂತಿ. ಕತ್ತಿನ ಗ್ರಂಥಿ ಮದ್ದನ್ನು ಎಷ್ಟು ಹೀರಿದೆ ನೋಡಬೇಕಿತ್ತು. ನೂರಕ್ಕೆ ನಾಲ್ಕರೊಳಗಿದ್ದರೆ ಕಾಯಬಹುದು. ಲೆಕ್ಕ ಆರು ಅಂತು. ಪರೀಕ್ಷೆಯ ಮದ್ದು ಕರಗಲಿ, ಒಂದು ರಾತ್ರಿ ಹಾಲು ಕೊಡಬೇಡ ಅಂದಿದ್ದ ದೊಡ್ಡ ಡಾಕ್ಟರು, ಮರುದಿನ ಬೆಳಿಗ್ಗೆ ಲೆಕ್ಕ ನೋಡಿ, ಹಾಲು ಪೂರ್ತಿ ಬಿಡಿಸು, ಆಮೇಲೆ ಗ್ರಂಥಿ ಸುಡುವ ಔಷಧಿ ಕೊಡ್ತೀನಿ ಅಂದರು. ಮಗುವೋ ಬೇರೆ ಹಾಲು ನಾಲಿಗೆಗೆ ತಾಗಿದರೆ ಉಗುಳುತ್ತಿತ್ತು. ಅವಳು ಅಳುತ್ತಲೇ ಅತ್ತೆಯ ಜೊತೆ ಬಸ್‌ಸ್ಟ್ಯಾಂಡಿಗೆ ನಡೆದಳು.

ಅತ್ತ ಭರಮಯ್ಯ ಎಂದಿನಂತೆ ಅಳೆದು ಕೂಡಲೇ ಎಣಿಸಿದ. ಚುರುಕು ಪೂರ್ತಿ ಬಂತು! ಒಂದು ದಿನ ಅರ್ಧ ಕುರುಡಾಗಿ ಮರುದಿನ ತಾನೇ ವಾಸಿಯಾಗುವ ಕಣ್ಣುಂಟೇ? ಅವನಿಗೆ ಹೊಳೆಯಿತು. ಆ ಮದ್ದು ಆರು ಗಂಟೆಯಲ್ಲಿ ಅರ್ಧ ಕರಗುತ್ತದೆ. ಯಾವತ್ತೂ ಅಳೆದ ತಕ್ಷಣ ಎಣಿಸಿದವನು, ನಿನ್ನೆ ಹೊತ್ತನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅವಳ ಎಣಿಕೆಯನ್ನು ಆ ಅರ್ಧ ಚುರುಕಿನಿಂದ ಭಾಗಿಸಿದ್ದಕ್ಕೆ ಲೆಕ್ಕ ದುಪ್ಪಟ್ಟಾಗಿತ್ತು. ಹೊನ್ನೂರಮ್ಮನದು ಆರಲ್ಲ, ಮೂರು.

ಚಪ್ಪಲಿ ಬಿಟ್ಟು ಓಡಿದನಂತೆ. ಹೊರಟ ಬಸ್ಸನ್ನು ಒಂದೇ ಕೈಯಲ್ಲಿ ತಡೆದನಂತೆ. ಅಷ್ಟು ನಾನು ನಂಬುವುದಿಲ್ಲ. ಬಸ್ಸು ನಿಂತದ್ದು ಮಾತ್ರ ನಿಜ. ಲೆಕ್ಕ ಆರಲ್ಲ, ಮೂರು ಅಂತ ಅವನು ಕೆಳಗಿನಿಂದಲೇ ಕೂಗಿ ಹೇಳಿದ.

ಹೊನ್ನೂರಮ್ಮನ ಅತ್ತೆ ಕಿಟಕಿಯಿಂದಲೇ ಕೂಗಿದಳು. "ಬೆಳಿಗ್ಗೆ ಒಂದು ಹೇಳ್ತೀರ, ಈಗ ಒಂದು ಹೇಳ್ತೀರ! ಹುಚ್ಚು ನಿಮ್ಮ ಮಿಷನ್ನಿಗೋ, ನಿನಗೋ?"

"ಹೌದು, ಮಿಷನ್ ಕೈಕೊಟ್ಟಿತು" ಅಂದಿದ್ದರೆ ಯಾರೂ ಮತ್ತೆ ಕೇಳುತ್ತಿರಲಿಲ್ಲ. ಭರಮಯ್ಯ ಇಡೀ ಬಸ್ಸಿನ ಮುಂದೆ ಅಂದನಂತೆ: "ಮಿಷನ್ ಸರಿಯಿದೆ ತಾಯಿ. ತಪ್ಪಿದ್ದು ನಾನು. ಇಳೀರಿ."

ದೊಡ್ಡ ಡಾಕ್ಟರ ಮುಂದೆಯೂ ಅದನ್ನೇ ಹೇಳಿದ. ಅವರು ಬೈದರು, ಮತ್ತೆ ಲೆಕ್ಕ ಹಾಕಿದರು, ಮೂರು ಬಂತು. ಸುಡುವುದು ಬೇಡ, ಕಾಯೋಣ, ಮಗುವಿಗೆ ಹಾಲು ಕೊಡಮ್ಮ ಅಂದರು. ಹೊನ್ನೂರಮ್ಮ ಮಗುವನ್ನೆತ್ತಿಕೊಂಡು ಅಲ್ಲೇ ಗೋಡೆ ಕಡೆ ತಿರುಗಿ ಕೂತಳು. ಕೆಲವು ತಿಂಗಳಲ್ಲಿ ಅವಳ ಎದೆಬಡಿತ ತಾನಾಗಿಯೇ ಇಳಿಯಿತಂತೆ.

ಈಗ ಲೆಕ್ಕವನ್ನೆಲ್ಲ ಕಂಪ್ಯೂಟರೇ ಮಾಡುತ್ತದೆ. ಆದರೂ ಆ ಆಸ್ಪತ್ರೆಯಲ್ಲಿ ಕ್ಯಾಮೆರಾದ ಕೆಳಗೆ ಬಟ್ಟಲಿಡುವ ಮುಂಚೆ ಒಬ್ಬರು ಗಟ್ಟಿಯಾಗಿ ಕೇಳುತ್ತಾರೆ: "ಅಳೆದದ್ದು ಎಷ್ಟು ಹೊತ್ತಿಗೆ?" ಇನ್ನೊಬ್ಬರು ಗಂಟೆ, ನಿಮಿಷ ಹೇಳಬೇಕು. ಹೇಳುವ ತನಕ, ಬಟ್ಟಲು ಹಿಡಿದವರು ದೊಡ್ಡ ಡಾಕ್ಟರೇ ಆಗಿರಲಿ, ಹಿಡಿದುಕೊಂಡೇ ನಿಂತಿರಬೇಕು.