ಕೈ ಮುರಿಯಲು ಹೊರಟವನಿಗೆ ಅವ್ವನವರು ಕೊಡತಿ ಕೊಟ್ಟದ್ದು

ಮಾತೆ ಗುರುಸಿದ್ಧವ್ವನವರ ಮಠ ಎಂದೊಡನೆ ನೀವು ಗೋಪುರ, ಮಂಟಪ ಅಂತೆಲ್ಲ ಕಲ್ಪಿಸಿಕೊಂಡೀರಿ! ಕೊಪ್ಪಳ ಸೀಮೆಯ ಒಂದು ಬೋಳುಗುಡ್ಡ, ಅದರ ಬುಡದಲ್ಲಿ ತಗಡಿನ ಸೂರು, ಒಂದು ಬಾವಿ, ಗರಿ ಹೊದಿಸಿದ ಚಪ್ಪರ. ಅಷ್ಟೇ. ಚಪ್ಪರದ ಕೆಳಗೆ ಸಾಲುಸಾಲು ಕರೀ ಪ್ಲಾಸ್ಟಿಕ್ ಚೀಲಗಳು, ಚೀಲದ ತುಂಬ ಮಣ್ಣು, ಮಣ್ಣಿನಲ್ಲಿ ಬೇವು, ಹೊಂಗೆ, ತಪಸಿಯ ಸಸಿಗಳು. ಆ ಗುಡ್ಡಕ್ಕೆ ಮತ್ತೆ ಕಾಡು ಉಡಿಸಬೇಕೆಂಬುದು ಅವ್ವನವರ ಸಂಕಲ್ಪವಾಗಿತ್ತು. ಬೆಳಗಿನ ಲಿಂಗಪೂಜೆ ಮುಗಿಸಿ ನೇರ ಮಣ್ಣಿನ ರಾಶಿಯ ಮುಂದೆ ಕುಳಿತುಬಿಡುತ್ತಿದ್ದರು. ದರ್ಶನಕ್ಕೆ ಬಂದವರೂ ಅಲ್ಲೇ ಕೂಡಬೇಕು, ಕೂತವರು ಚೀಲ ತುಂಬಬೇಕು. ಕಾಲೇಜಿನ ಪಾಠವಿಲ್ಲದ ದಿನ ನಾನೂ ಹೋಗಿ ತುಂಬುತ್ತಿದ್ದೆ. ಈಗ ನಿವೃತ್ತನಾದ ಮೇಲಂತೂ ಕೇಳಲೇಬೇಡಿ, ನಿಮ್ಮ ಹಾಸಿಗೆಯನ್ನೂ ಅಲ್ಲಿಗೇ ಕಳಿಸಿಬಿಡುತ್ತೇನೆ ಎನ್ನುತ್ತಾಳೆ ನಮ್ಮ ಮನೆಯವಳು.

ಸಂತರನ್ನು ಶಾಂತಮೂರ್ತಿಗಳೆಂದು ವರ್ಣಿಸುವುದು ವಾಡಿಕೆ. ನಮ್ಮ ಅವ್ವನವರನ್ನು ಹಾಗೆ ವರ್ಣಿಸಿದರೆ ಎಲ್ಲಿದ್ದರೂ ಅಲ್ಲಿಂದಲೇ ಬೈದಾರು. ಅವರದು ಕುದಿಯುವ ಸಿಟ್ಟು. ಇನ್ನೂ ಕಳಿಯದ ಹಸಿ ಗೊಬ್ಬರವನ್ನು ತಂದು ಸುರಿದ ಸಾಹುಕಾರರೊಬ್ಬರನ್ನು, "ಎಳೇ ಬೇರು ಸುಡಾಕ ತಂದೀಯೇನೋ?" ಎಂದು ಟ್ರ್ಯಾಕ್ಟರ್ ಸಮೇತ ಹಿಂದಕ್ಕೆ ಅಟ್ಟಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಬೈಸಿಕೊಂಡವರು ಮುಂದಿನ ಸಲ ಹಳೇ ಗೊಬ್ಬರ ಹೊತ್ತು, ನಗುತ್ತ ಬರುತ್ತಿದ್ದರು. ಅಂಥ ಸಿಟ್ಟು ಅದು.

ಒಂದು ವರ್ಷ ಬೇಸಿಗೆಯಲ್ಲಿ ದೊಡ್ಡ ಅನಾಹುತವಾಯಿತು. ಕುರಿ ಮೇಯಿಸುವ ದ್ಯಾಮಣ್ಣ, ಮಳೆಗೆ ಹೊಸ ಹುಲ್ಲು ಚೆನ್ನಾಗಿ ಚಿಗುರಲೆಂದು ಗುಡ್ಡದ ಒಣಹುಲ್ಲಿಗೆ ಬೆಂಕಿ ಇಟ್ಟ. ಗಾಳಿ ತಿರುಗಿತು. ಗುಡ್ಡದ ಮೇಲೆ ನೆಟ್ಟಿದ್ದ ಸಸಿಗಳೆಲ್ಲ ಉರಿದುಹೋದವು. ಅವಕ್ಕೆ ಕೊಡ ಹೊತ್ತು ನೀರುಣಿಸಿ ಬೆಳೆಸಿದ್ದವರು ಸೋಮಪ್ಪಜ್ಜ. ಚಪ್ಪರದಲ್ಲಿ ಮಣ್ಣು ಹದ ಮಾಡುತ್ತಿದ್ದವರೂ ಅವರೇ. ಬೆಂಕಿ ಬಡಿಯಲು ಓಡಿ ಎರಡೂ ಅಂಗೈ ಸುಟ್ಟುಕೊಂಡರು. ಅವರ ಮಗ ಹುಲುಗಪ್ಪ ಕಲ್ಲು ಕ್ವಾರಿಯಲ್ಲಿ ದುಡಿಯುವ ಕಟ್ಟುಮಸ್ತಾದ ಆಳು. ಮಠದ ಕಡೆ ತಲೆ ಹಾಕಿದವನೇ ಅಲ್ಲ. ಆದರೆ ಅವತ್ತು ಬಂದ, ಕೈಯಲ್ಲೊಂದು ಬಡಿಗೆ.

"ಕಾಲಿಗೆ ಬೀಳಾಕ ಬಂದಿಲ್ಲ ನಾನು!" ಎಂದು ನಿಂತಲ್ಲಿಂದಲೇ ಅರಚಿದ. "ನಮ್ಮಪ್ಪಗ ಗಿಡದ ಹುಚ್ಚು ಹಿಡಿಸಿದವ್ರು ನೀವು. ಈಗ ಅವಗ ಒಂದು ತುತ್ತು ಎತ್ತಾಕ ಬರೂದಿಲ್ಲ. ಎಲ್ಲಿ ಮಲಗಿದ್ದನ್ರಿ ನಿಮ್ಮ ದೇವ್ರು?"

ಅವ್ವನವರು ಜರಡಿ ಆಡಿಸುತ್ತಲೇ ಇದ್ದರು.

"ದ್ಯಾಮ್ಯಾನ ಎರಡೂ ಕೈ ಇವತ್ತು ಮುರೀತೀನಿ. ಕೈಗೆ ಕೈ! ಯಾರೂ ತಡೀಬ್ಯಾಡ್ರಿ."

"ನಾ ಯಾಕ ತಡೀಲಿ?" ಎಂದರು ಅವ್ವನವರು. "ಆದ್ರ ನಿಮ್ಮಪ್ಪನ ಪಾಲಿನ ಹೆಂಟಿ ಹಾಂಗ ಬಿದ್ದಾವ. ಒಡದು ಹೋಗು." ಹಾಗೆಂದವರೇ ಮರದ ಕೊಡತಿಯನ್ನು ಅವನ ಕಾಲಬುಡಕ್ಕೆ ಎಸೆದರು.

ಕೆರೆಯಿಂದ ತಂದು ಒಣಹಾಕಿದ ಮಣ್ಣಿನ ಹೆಂಟೆಗಳು ಅವು, ಕಲ್ಲಿನಷ್ಟು ಗಟ್ಟಿ. ಒಡೆದು, ಜರಡಿ ಹಿಡಿದು, ಮರಳು ಗೊಬ್ಬರ ಬೆರೆಸಿದ ಮೇಲೆಯೇ ಚೀಲಕ್ಕೆ ತುಂಬುವುದು. ತಂದೆಯ ಹೆಸರು ಹೇಳಿದ್ದಕ್ಕೋ ಏನೋ, ಹುಲುಗಪ್ಪ ಬಡಿಗೆ ಒಗೆದು ಕೊಡತಿ ಎತ್ತಿಕೊಂಡ. ಎತ್ತಿಕೊಂಡನೇ? ಅಬ್ಬಾ! "ಇದು ದ್ಯಾಮ್ಯಾನ ಬಲಗೈ!" ಒಂದು ಏಟು. "ಇದು ಎಡಗೈ!" ಇನ್ನೊಂದು. ಹೆಂಟೆ ಪುಡಿಯಾಯಿತು, ಅವನ ಸಿಟ್ಟು ಮುಗಿಯಲಿಲ್ಲ. ಪುಡಿಯನ್ನೇ ಬಡಿದ, ಹುಡಿಯಾದದ್ದನ್ನು ಮತ್ತೆ ಬಡಿದ. ನಾವೆಲ್ಲ ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂತೆವು. ಹೊತ್ತು ನೆತ್ತಿಗೇರುವ ಹೊತ್ತಿಗೆ ಅವನ ಮುಂದೆ ಗಿರಣಿಯ ಹಿಟ್ಟಿನಂಥ ಧೂಳಿನ ಗುಡ್ಡೆ.

ಅವ್ವನವರು ಎದ್ದು ಬಂದರು. ಆ ಧೂಳನ್ನು ಒಂದು ಚೀಲಕ್ಕೆ ತುಂಬಿದರು. ಸೋಮಪ್ಪಜ್ಜ ಹಿಂದೆಂದೋ ಹದ ಮಾಡಿಟ್ಟಿದ್ದ ಮಣ್ಣನ್ನು ಇನ್ನೊಂದಕ್ಕೆ ತುಂಬಿದರು. ಜೋಳದ ನುಚ್ಚಿನಂತೆ ಬಿಡಿಬಿಡಿಯಾಗಿತ್ತು ಅದು. ಎರಡಕ್ಕೂ ತಂಬಿಗೆಯಿಂದ ನೀರು ಹೊಯ್ದರು. ಅಜ್ಜನ ಚೀಲದಲ್ಲಿ ನೀರು ಸರ್ರನೆ ಇಳಿದು, ತಳದ ತೂತುಗಳಿಂದ ಹನಿಯತೊಡಗಿತು. ಮಗನ ಚೀಲದಲ್ಲಿ ತಾಟಿನಲ್ಲಿ ನಿಂತಂತೆ ಮೇಲೆಯೇ ನಿಂತಿತು.

ಆಗ ಬಂತು ನೋಡಿ ಅವ್ವನವರಿಗೆ ಸಿಟ್ಟು! ಅಂಥದನ್ನು ನಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. "ಹೆಂಟಿ ಒಡಿ ಅಂದ್ರ ಮಣ್ಣು ಕೊಂದೀಯಲ್ಲೋ, ಪಾಪೀ! ಇದರಾಗ ಬೇರು ಎಲ್ಲಿ ಉಸಿರಾಡಬೇಕು?" ಚಪ್ಪರ ನಡುಗಿತು. "ಸಿಟ್ಟು ನಿನಗೊಬ್ಬಗ ಐತೇನು? ಸುಟ್ಟದ್ದು ನನ್ನ ಮಕ್ಕಳೋ! ಬೆಂಕಿ ಬಿದ್ದಾಗಿಂದ ಕಣ್ಣಿಗೆ ಕಣ್ಣು ಹಚ್ಚಿಲ್ಲ. ನನ್ನ ಸಿಟ್ಟು ಅಲ್ಲೈತಿ, ನೋಡು!" ಎಂದು ಕೈ ಚಾಚಿದರು. ಹೊಸದಾಗಿ ಮಣ್ಣು ತುಂಬಿ ಬೀಜ ಊರಿದ ಚೀಲಗಳು ಚಪ್ಪರದಾಚೆಗೂ ಹಬ್ಬಿದ್ದವು.

ಹುಲುಗಪ್ಪ ಆ ಸಾಲುಗಳತ್ತ ತಿರುಗಿ ನೋಡಿದ, ಕೊಡತಿ ಕೆಳಗಿಟ್ಟ.

"ನಿಮ್ಮಪ್ಪನ ಎರಡು ಕೈ ಹೋದ್ವು. ಅವನ ಸಾಲು ಖಾಲಿ ಬಿದ್ದೈತಿ. ದ್ಯಾಮಣ್ಣನ ಎರಡು ಕೈ ಇನ್ನೂ ಗಟ್ಟಿ ಅದಾವ," ಎಂದರು ಅವ್ವನವರು, ಈಗ ಮೆಲ್ಲಗೆ. "ಮುರೀತಿಯೋ, ತರ್ತಿಯೋ? ನಿನಗ ಬಿಟ್ಟದ್ದು."

ಅವನು ಬಡಿಗೆ ಎತ್ತಿಕೊಂಡು ಊರ ಕಡೆ ನಡೆದ. ನಾನು ಅವನ ಹಿಂದೆ ಓಡಲೆಂದು ಎದ್ದೆ. "ಕೂಡ್ರಿ ಮಾಸ್ತರ. ಚೀಲ ತುಂಬ್ರಿ," ಎಂದರು. ಕೂತೆ. ಆ ಮಧ್ಯಾಹ್ನ ನಾನು ತುಂಬಿದ ಚೀಲಗಳು ಹೇಗಿದ್ದವೋ, ಆ ಶಿವನೇ ಬಲ್ಲ.

ಹೊತ್ತು ಇಳಿಯುವಾಗ ದೂರದಿಂದ ಬೈದಾಟ ಕೇಳಿಸಿತು. "ನಡೀಲೇ!" "ಬರಾಕತ್ತೀನಲ್ಲೋ, ಕಂಬಳಿ ಬಿಡಲೇ!" ದ್ಯಾಮಣ್ಣನ ಹೆಗಲ ಕಂಬಳಿ ಹಿಡಿದು ಹುಲುಗಪ್ಪ ಎಳೆದು ತರುತ್ತಿದ್ದ. ಹೊಡೆಯಲೇ ಇಲ್ಲ ಎಂದು ಬರೆದರೆ ಸುಳ್ಳಾದೀತು, ದ್ಯಾಮಣ್ಣನ ತುಟಿ ಒಡೆದಿತ್ತು. ಕೈಗಳು ಮಾತ್ರ ಎರಡೂ ನೆಟ್ಟಗಿದ್ದವು. ಬಂದವನೇ ಅವ್ವನವರ ಪಾದದ ಮೇಲೆ ಬಿದ್ದ. "ಹುಲ್ಲು ಚಿಗರ್ಲಿ ಅಂತ ಹಚ್ಚಿದ್ನೆವ್ವಾ. ಗಾಳಿ ತಿರುಗಿಬಿಡ್ತು."

"ಗಾಳೀನ ಆಮ್ಯಾಲೆ ಬೈತೀನಿ. ನೀ ಮೊದಲು ಏಳು, ಸೋಮಪ್ಪನ ಜಾಗಾದಾಗ ಕೂಡು," ಎಂದರು.

ಕೂತ. ಹುಲುಗಪ್ಪ ಯಾರೂ ಹೇಳದೆಯೇ ಬುಟ್ಟಿ ಹಿಡಿದು ಹಳ್ಳಕ್ಕೆ ಹೋಗಿ ಮರಳು ಹೊತ್ತು ತಂದ, ತಾನು ಕೆಡಿಸಿದ ಮಣ್ಣಿಗೆ ಬೆರೆಸಿದ. ಹಳೇ ಗೊಬ್ಬರ ಸುರಿದ, ಮತ್ತೆ ಮರಳು ತಂದ. ಬಾಯಿಯಂತೂ ನಿಂತಿರಲಿಲ್ಲ, ದ್ಯಾಮಣ್ಣನ ವಂಶವನ್ನೆಲ್ಲ ಜಾಲಾಡುತ್ತಿತ್ತು. ಅಷ್ಟರಲ್ಲಿ ದ್ಯಾಮಣ್ಣ, ಸಾಲಿಗೆ ಸರಿಸಲೆಂದು ಒಂದು ಹೊಂಗೆ ಸಸಿಯನ್ನು ಕಾಂಡ ಹಿಡಿದು ಎತ್ತಿದ.

"ಲೇ!" ಎಂದು ಹುಲುಗಪ್ಪ ಬುಟ್ಟಿ ಬಿಸುಟು ಹಾರಿದ. ನಾವೆಲ್ಲ ಎದ್ದು ನಿಂತೆವು. ದ್ಯಾಮಣ್ಣ ಕಣ್ಣು ಮುಚ್ಚಿಕೊಂಡ. ಹುಲುಗಪ್ಪ ಅವನ ಬಲಗೈಯನ್ನು ಗಪ್ಪನೆ ಹಿಡಿದ. ಹಿಡಿದು, ಬಿಗಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಅಂಗೈಯನ್ನು ಅಗಲವಾಗಿ ತೆರೆದು ಚೀಲದ ತಳಕ್ಕೆ ಕೊಟ್ಟ.

"ಕುತ್ತಿಗಿ ಹಿಡದು ಎತ್ತಿದ್ರ ಒಳಗ ಬೇರು ಹರೀತಾವಲೇ, ಹುಂಬ. ನಮ್ಮಪ್ಪ ಮನ್ಯಾಗೂ ಹಿಂಗ ಹಿಡೀತಾನ. ತಳಕ್ಕ ಕೈ ಕೊಡು."

ದನಿ ಒಂದಿಷ್ಟೂ ಇಳಿದಿರಲಿಲ್ಲ. ಆದರೆ ಚೀಲ ದ್ಯಾಮಣ್ಣನ ಅಂಗೈ ಮೇಲೆ ಒಂದು ಕಡೆ ವಾಲಿತು. ಸಸಿ ಬಿದ್ದೀತೆಂದು ಹುಲುಗಪ್ಪ ಆ ಕೈಯ ಕೆಳಗೆ ತನ್ನ ಕೈ ಇಟ್ಟ. ಹಾಗೇ ಇಬ್ಬರೂ ಹೊತ್ತುಕೊಂಡು ಹೋಗಿ ಆ ಸಸಿಯನ್ನು ಸಾಲಿನಲ್ಲಿ ಇಳಿಸಿದರು.

ಪೂಜ್ಯ ಅವ್ವನವರು ತಲೆ ಎತ್ತಿ ನೋಡಿದರು, ಮತ್ತೆ ಜರಡಿಗೆ ಮಣ್ಣು ಸುರಿದುಕೊಂಡರು. ಅವ್ವನವರು ಲಿಂಗೈಕ್ಯರಾಗಿ ಬಹಳ ಕಾಲವಾಯಿತು. ಮಳೆ ಬಿದ್ದೊಡನೆ ಆ ಇಬ್ಬರೂ ಇಂದಿಗೂ ಸಸಿ ಹೊತ್ತು ಗುಡ್ಡ ಹತ್ತುತ್ತಾರೆ, ದಾರಿಯುದ್ದಕ್ಕೂ ಒಬ್ಬರನ್ನೊಬ್ಬರು ಬೈಯುತ್ತ. ಬೆಳೆದ ಹೊಂಗೆಗಳ ಮರೆಯಲ್ಲಿ ಅವರು ಕಾಣುವುದಿಲ್ಲ. ಬೈಗುಳವಷ್ಟೇ ಕೇಳಿಸುತ್ತದೆ, ಮತ್ತು ನಾನು ಕೆಳಗೆ ನಿಂತು ಕೈ ಮುಗಿಯುತ್ತೇನೆ.