ಕೆಮ್ಮಣ್ಣಿನ ಗುರುತು

ಹೊಳೆ ದಂಡೆಯ ಮೇಲೊಂದು ಗರಡಿ. ಕುಸ್ತಿಯವರಿಗಲ್ಲದೆ ಕೈಕಾಲು ನೋವು ಅಂತ ಬಂದವರಿಗೂ ಅಲ್ಲಿ ಸಾಮು ಹೇಳಿಕೊಡುತ್ತಿದ್ದರು. ಅದರ ಉಸ್ತಾದರು ಬೋರಯ್ಯ. ಮಾತಿಗೆ ಬಲು ಜಿಪುಣ. ಅವರ ಬಾಯಿಂದ ಒಂದು ಮಾತು ಉದುರಬೇಕಾದರೆ ಹುಣಸೇಮರ ಅಲ್ಲಾಡಿಸಿದ ಹಾಗೆ ಅಲ್ಲಾಡಿಸಬೇಕಿತ್ತು.

ಶಿಷ್ಯ ಜವರ. ಮೀಸೆ ನರೆತಿದ್ದರೂ ಮದುವೆ ಆಗಿರಲಿಲ್ಲ. ಯಾಕೆ ಆಗಲಿಲ್ಲ ಅನ್ನುವುದು ಅವನು ಎದೆಯೊಳಗೇ ಇಟ್ಟುಕೊಂಡಿದ್ದ ಗುಟ್ಟು. ಊರಲ್ಲಿ ಅದು ತಿಳಿಯದವರು ಯಾರೂ ಇರಲಿಲ್ಲ.

ಒಂದು ಬೆಳಗ್ಗೆ ಜವರ ಗುರುವಿನ ಮುಂದೆ ಕೈಕಟ್ಟಿ ನಿಂತ.

"ಉಸ್ತಾದ್ರೇ, ನೀವು ಹೇಳಿಕೊಟ್ಟ ಸಾಮೆಲ್ಲ ಕಲಿತೆ. ಇನ್ನು ನಾನೂ ಬಂದವರಿಗೆ ಹೇಳಿಕೊಡ್ತೀನಿ. ಅಪ್ಪಣೆ ಕೊಡಿ."

"ಸಾಮು ಕಲಿತಿದ್ದೀಯ, ಸರಿ. ಮೈ ಕಲಿತಿದ್ದೀಯಾ?"

"ಯಾರ ಮೈ?"

"ಅದನ್ನೇ ಕಣಪ್ಪ ನಾನೂ ಕೇಳ್ತಿರೋದು."

ಜವರ ತಲೆ ಕೆರೆದುಕೊಂಡ. ಉಸ್ತಾದರು ಎದ್ದರು.

"ಇನ್ನು ಯಾರು ಮೊದಲು ಬಾಗಿಲಿಗೆ ಬರ್ತಾರೋ ಅವರಿಗೆ ನೀನೇ ಹೇಳು. ಆಮೇಲೆ ಅಪ್ಪಣೆ ವಿಚಾರ."

ಬಂದವಳು ದೇವೀರಿ. ದೇವರಿಗೂ ಒಮ್ಮೊಮ್ಮೆ ಹೊತ್ತು ಹೋಗಬೇಕಲ್ಲ.

ಯಾರ ನೆನಪಿನಲ್ಲಿ ಜವರ ಮದುವೆ ಬಿಟ್ಟು ಕೂತಿದ್ದನೋ ಅದೇ ದೇವೀರಿ. ಹುಡುಗಿಯಾಗಿದ್ದಾಗ ತುಂಬಿದ ಹೊಳೆಯನ್ನು ಈಜಿ, ನಡುನೀರಿನ ಬಂಡೆ ಹತ್ತಿ, ಅಲ್ಲಿ ಕೂದಲು ಒಣಗಿಸುತ್ತಾ ಕೂರುತ್ತಿದ್ದಳು. ದಡದಲ್ಲಿ ಜವರ ಒಣಗುತ್ತಿದ್ದ. ಬಾಯಿಬಿಟ್ಟು ಕೇಳುವ ಹೊತ್ತಿಗೆ ಅವಳಿಗೆ ಮೂಡಲ ಸೀಮೆಯ ಗಂಡು ಗೊತ್ತಾಗಿಬಿಟ್ಟಿತ್ತು.

ಈಗ ಒಂದು ಟ್ರಂಕು ಹಿಡಿದು ತವರಿಗೆ ವಾಪಸು ಬಂದಿದ್ದಳು.

ಗಂಡ ಓಡಿಸಿದ ಅಂದರು ಕೆಲವರು. ಗಂಡನನ್ನೇ ಓಡಿಸಿ ಬಂದಳು ಅಂದರು ಇನ್ನು ಕೆಲವರು. ನಡುವೆ ಒಬ್ಬ ಬಳೆಗಾರ ಇದ್ದಾನೆ ಅಂತ ನೀರಿಗೆ ಬಂದವರೆಲ್ಲ ಹೇಳಿ ಹೋದರು. ಬಳೆಗಾರನನ್ನು ಕಣ್ಣಾರೆ ಕಂಡವರು ಮಾತ್ರ ಒಬ್ಬರೂ ಸಿಗಲಿಲ್ಲ. ಸಿಗದಿದ್ದರೇನು, ಮಾತಿಗೆ ಅಷ್ಟು ಬಳೆಗಾರ ಸಾಕು.

ಅವಳ ಬಲಗೈ ಹೆಗಲಿನ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಅಟ್ಟದಿಂದ ಬಿದ್ದೆ ಅಂದಳು. ಅಟ್ಟ ಅಷ್ಟು ಎತ್ತರ ಇರಲಿಕ್ಕಿಲ್ಲ, ಗಂಡನ ಕೈ ಅಷ್ಟು ಉದ್ದ ಇತ್ತೇನೋ ಅಂತ ಹೆಂಗಸರು ಕಣ್ಣಲ್ಲೇ ಮಾತಾಡಿಕೊಂಡರು. ಮೂಳೆ ಕೂಡಿದೆ, ಇನ್ನು ಕೈ ಆಡಿಸುವುದೊಂದೇ ಬಾಕಿ ಅಂತ ಆಸ್ಪತ್ರೆಯವರು ಕಳಿಸಿದ್ದರು.

ಹೆಂಗಸಿಗೆ ಗರಡಿಯೇ ಅಂತ ಊರು ಮೂಗಿನ ಮೇಲೆ ಬೆರಳಿಟ್ಟಿತು.

"ಒಳಗಿನ ಕುಸ್ತಿ ಮಟ್ಟಿಗೆ ಯಾಕೆ ಇಳೀತಾಳೆ? ಹಿಂದಿನ ಜಗಲಿ ಇದೆಯಲ್ಲ" ಅಂದರು ಉಸ್ತಾದರು.

ಹಿಂದಿನ ಜಗಲಿ ಹೊಳೆಯ ಕಡೆಗೆ. ಎದುರಿಗೇ ನಾವು ಹೆಂಗಸರು ಬಟ್ಟೆ ಒಗೆಯುವ ಕಲ್ಲು. ಆ ವಾರ ನಮ್ಮೂರಲ್ಲಿ ಒಗೆದ ಬಟ್ಟೆಗಳೇ ಮತ್ತೆ ಮತ್ತೆ ಒಗೆಸಿಕೊಂಡವು.

ಜವರ ರಾತ್ರಿಯೆಲ್ಲ ಯೋಚಿಸಿ ಸಾಮು ಕಟ್ಟಿದ್ದ. ಮರದ ಗದೆ ತಂದು ಅವಳ ಕೈಗೆ ಕೊಟ್ಟ.

"ತಲೆ ಮೇಲಿಂದ ಬೀಸು. ಹೊಳೆಯಲ್ಲಿ ಕೈ ಬೀಸ್ತಿದ್ದೆಯಲ್ಲ, ಹಂಗೆ."

ಅವಳು ಬೀಸಿದಳು.

"ಇನ್ನೂ ಮೇಲೆ. ಇನ್ನೂ. ನಿನಗೆ ಇದೇನು ಲೆಕ್ಕ?"

ದೇವೀರಿ ಸೆರಗು ಕಚ್ಚಿಕೊಂಡು ಬೀಸಿದಳು. ಗದೆ ಕೆಳಗೆ ಬಿತ್ತು. ಅವಳೂ ಕೂತುಬಿಟ್ಟಳು.

ಮಾರನೆಯ ದಿನ ಅವಳು ಬರಲಿಲ್ಲ. ಹೆಗಲು ಬನ್ನಿನಂತೆ ಊದಿದೆ ಅಂತ ಸುದ್ದಿ ಬಂತು.

ಉಸ್ತಾದರು ಬೈಯಲಿಲ್ಲ. ಗೂಟದ ಮೇಲಿನ ಹಳೇ ಗಂಟು ಬಿಚ್ಚಿ ಒಂದು ಚಡ್ಡಿ ತೆಗೆದರು. ಹುಡುಗರು ಕುಸ್ತಿಗೆ ತೊಡುವ ಗೇಣುದ್ದದ ಚಡ್ಡಿ.

"ತೊಟ್ಕೋ."

"ಇದು ನಾನು ಗರಡಿಗೆ ಸೇರಿದಾಗಿನದು ಉಸ್ತಾದ್ರೇ."

"ನಿನ್ನದೇ ತಾನೇ? ತೊಟ್ಕೋ ಅಂದೆ."

ಗುರುವಿನ ಮಾತು. ಜವರ ಒಂದು ಕಾಲು ತೂರಿಸಿದ. ಮಂಡಿಯ ಹತ್ತಿರವೇ ಚಡ್ಡಿ ಪರ್ರಂತ ಹರಿಯಿತು. ಒಳಗಿದ್ದ ಪೈಲ್ವಾನರು ಗೋಡೆ ಕಡೆ ತಿರುಗಿ ನಕ್ಕರು.

"ಆಗಲಿಲ್ಲವಾ?"

"ಇದನ್ನ ತೊಡ್ತಿದ್ದ ಹುಡುಗ ಈಗ ಎಲ್ಲಿದ್ದಾನೆ ಉಸ್ತಾದ್ರೇ?"

"ಬಂಡೆ ಮೇಲೆ ಕೂರ್ತಿದ್ದ ಹುಡುಗಿ ಎಲ್ಲಿದ್ದಾಳೋ ಅಲ್ಲೇ" ಅಂದರು ಉಸ್ತಾದರು. "ನಿನ್ನೆ ನೀನು ಸಾಮು ಹೇಳಿದ್ದು ಅವಳಿಗೆ. ಹೆಗಲು ಊದಿದ್ದು ಇವಳಿಗೆ."

ಜವರನ ತಲೆ ತಗ್ಗಿತು.

"ಹೋಗಿ ಕೇಳು."

"ಏನಂತ?"

"ಏನು ಬೇಕು ಅಂತ. ಎಲ್ಲಿ ನೋವು ಅಂತ ಆಮೇಲೆ ಕೇಳು."

ಜವರ ಹೋದ. ಹಗಲು ಹೊತ್ತಲ್ಲೇ, ಊರೆಲ್ಲ ನೋಡುತ್ತಿರುವಾಗಲೇ ಹೋದ. ದೇವೀರಿ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು. ಹಿಂದೆ ಅವಳ ಅತ್ತಿಗೆ ಬಾಚಣಿಗೆ ಹಿಡಿದು ಅವಳ ತಲೆ ಬಾಚುತ್ತಿದ್ದಳು. ಬಾಚುವುದಕ್ಕಿಂತ ಎಳೆಯುವುದೇ ಹೆಚ್ಚು.

"ಗಂಡನ ಮನೆ ಬಿಟ್ಟು ಬಂದವಳಿಗೆ ದಿನಾ ತುರುಬು ಬೇರೆ ಕೇಡು" ಅನ್ನುತ್ತಿದ್ದಳು ಅತ್ತಿಗೆ. "ಬೋಳಿಸ್ಕೊಂಡ್ರೆ ನನಗಾದ್ರೂ ಕೆಲಸ ಉಳಿಯೋದು. ಬನ್ನಿ ಪೈಲ್ವಾನ್ರೇ. ಇನ್ನೊಂದು ಕೈನೂ ಮುರಿಯೋಣ ಅಂತ ಬಂದ್ರಾ?"

ಜವರ ದೇವೀರಿಯ ಕಡೆಗೇ ತಿರುಗಿದ.

"ದೇವೀರಿ, ತಪ್ಪಾಯ್ತು. ಕೇಳದೆ ಮಾಡಿದೆ. ಈಗ ಕೇಳ್ತೀನಿ. ನಿನಗೇನು ಬೇಕು?"

ಅವಳು ಅತ್ತಿಗೆಯ ಕೈಯಿಂದ ಕೂದಲು ಬಿಡಿಸಿಕೊಂಡಳು.

"ನನ್ನ ತುರುಬು ನಾನೇ ಕಟ್ಕೋಬೇಕು. ಕೈ ಅಷ್ಟು ಎತ್ತರ ಹೋದ್ರೆ ಸಾಕು."

"ಅಷ್ಟೇನಾ?"

"ಅಷ್ಟೇ."

"ಹೊಳೆ?"

"ಯಾವ ಹೊಳೆ?" ಅಂದಳು ದೇವೀರಿ.

ಹಿಂದಕ್ಕೆ ಬರುವಾಗ ಜವರ ದಾರಿಯಲ್ಲಿ ಯಾರ ಜೊತೆಗೂ ಮಾತಾಡಲಿಲ್ಲ. ನಾವೂ ಮಾತಾಡಿಸಲಿಲ್ಲ. ಅಷ್ಟು ಕರುಣೆ ನಮಗೂ ಇತ್ತು.

ಊತ ಇಳಿದ ಮೇಲೆ ಅವಳು ಮತ್ತೆ ಜಗಲಿಗೆ ಬಂದಳು. ಈ ಸಲ ಗದೆ ಇರಲಿಲ್ಲ. ಬಿಸಿ ಮರಳಿನ ಗಂಟಿತ್ತು, ಹೆಗಲಿಗೆ ಶಾಖ ಕೊಟ್ಟುಕೊಳ್ಳಲು. ಒಂದು ತಂಬಿಗೆ ಇತ್ತು.

"ಮುಂದಕ್ಕೆ ಬಗ್ಗು. ತಂಬಿಗೆ ಹಿಡಿದು ಕೈ ಇಳಿಬಿಡು. ನೀನು ಆಡಿಸಬೇಡ, ಅದೇ ತೂಗಾಡಲಿ. ತೊಟ್ಟಿಲು ತೂಗಿದ ಹಂಗೆ."

ಆಮೇಲೆ ಗೋಡೆ. ಗೋಡೆಗೆ ಬೆರಳಿಟ್ಟು ಇರುವೆ ಹತ್ತಿದ ಹಾಗೆ ಮೇಲಕ್ಕೆ ಹತ್ತಿಸಬೇಕು.

"ನೋವು ಶುರುವಾದ ತಕ್ಷಣ ಹೇಳು. ತಡ್ಕೋಬೇಡ."

"ತಡ್ಕೊಂಡೇ ಅಭ್ಯಾಸ ನನಗೆ."

"ಇಲ್ಲಿ ಅದನ್ನ ಬಿಡು."

ಅವಳು ಹೇಳಿದಳು. ಜವರ ಮಟ್ಟಿಯ ಕೆಮ್ಮಣ್ಣನ್ನು ನೀರಲ್ಲಿ ಕಲಸಿ, ನೋವು ಶುರುವಾದ ಜಾಗಕ್ಕೆ ಒಂದು ಬೆರಳು ಕೆಳಗೆ ಗುರುತು ಹಾಕಿದ.

"ಇಲ್ಲಿಗೆ ಬಂದು ನಿಲ್ಲಿಸು. ಇದು ದಾಟಬೇಡ. ನಾಳೆ ಮತ್ತೆ ಕೇಳ್ತೀನಿ."

ದಿನವೂ ಕೇಳಿದ. ಒಂದು ದಿನ ಗುರುತು ಮೇಲೆ ಹೋಗುವುದು, ಮೋಡ ಮುಸುಕಿದ ದಿನ ಕೆಳಗೆ ಇಳಿಯುವುದು. ಇಳಿದರೆ ಜವರ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ನಿನ್ನೆಯದು ನಿನ್ನೆಗೆ ಅನ್ನುತ್ತಿದ್ದ. ಉಸ್ತಾದರು ದೂರದಿಂದ ನೋಡಿ ಎಲೆ ಅಡಿಕೆ ಹಾಕಿಕೊಂಡು ಸುಮ್ಮನೆ ಹೋಗುತ್ತಿದ್ದರು.

ಕೈ ಏಳತೊಡಗಿತು. ಕಿವಿ ಮುಟ್ಟಿದಳು. ಅವತ್ತು ದೇವೀರಿ ನಕ್ಕಳು. ಆ ನಗು ನೀರಿನ ಮೇಲೆ ನಮ್ಮ ಕಲ್ಲಿನವರೆಗೂ ಬಂತು. ಜವರ ಕೈಯಲ್ಲಿದ್ದ ಕೆಮ್ಮಣ್ಣನ್ನು ತನ್ನ ಪಂಚೆಗೇ ಒರೆಸಿಕೊಂಡ. ಅದೂ ನಮಗೆ ಕಂಡಿತು.

ಆಮೇಲೆ ಗುರುತು ನಿಂತುಹೋಯಿತು.

ಬೇಸಗೆ ಬಂತು, ಹೊಳೆ ಇಳಿಯಿತು, ಗುರುತು ಇದ್ದಲ್ಲೇ ಇತ್ತು. ದೇವೀರಿ ಬರುವುದು, ಬೆರಳು ಹತ್ತಿಸುವುದು, ಗುರುತಿಗೆ ನಿಲ್ಲಿಸುವುದು. ಜವರ ಅದೇ ಜಾಗಕ್ಕೆ ಮತ್ತೆ ಕೆಮ್ಮಣ್ಣು ಬಳಿಯುವುದು. ಬಳಿಯುತ್ತಾ ಊರ ಸುದ್ದಿ, ಮಾವಿನಕಾಯಿ ಸುದ್ದಿ. ಇದೇನು ಸಾಮೋ ಸಂಸಾರವೋ ಅಂತ ನಮ್ಮಲ್ಲೊಬ್ಬಳು ಕೇಳಿಯೇಬಿಟ್ಟಳು.

ಒಂದು ಸಂಜೆ ಉಸ್ತಾದರು ಜಗಲಿಗೆ ಬಂದರು. ದೇವೀರಿ ಹೋಗಿಯಾಗಿತ್ತು. ಅವರು ಉಗುರಿನಿಂದ ಗುರುತನ್ನು ಕೆರೆದರು. ರೊಟ್ಟಿಯಂತೆ ಪದರ ಪದರವಾಗಿ ಮಣ್ಣು ಉದುರಿತು.

"ದಪ್ಪ ಆಗಿದೆ."

"ಹೂಂ ಉಸ್ತಾದ್ರೇ."

"ನಿಂತಿರೋದು ಅವಳ ಕೈಯಾ?"

"ನೋವಾದೀತು ಅಂತ. ಜೋಪಾನಕ್ಕೆ."

"ಯಾರಿಗೆ ನೋವಾದೀತು?"

ಜವರ ಹೊಳೆಯ ಕಡೆ ನೋಡಿದ.

"ಅವಳನ್ನು ಕೇಳಿದೆಯಾ?"

"ಮೊದಲು ದಿನಾ ಕೇಳ್ತಿದ್ದೆ."

"ಈಗ?"

"ಕೇಳಿದ್ರೆ ನೋವಿಲ್ಲ ಅಂತಾಳೆ ಉಸ್ತಾದ್ರೇ."

ಉಸ್ತಾದರು ಬೆರಳಿಗಂಟಿದ ಮಣ್ಣನ್ನು ಅವನ ಅಂಗೈಗೆ ಒರೆಸಿ ಒಳಗೆ ಹೋದರು.

ಮಾರನೆಯ ಬೆಳಗ್ಗೆ ದೇವೀರಿ ಬರುವ ಮೊದಲೇ ಜವರ ಗೋಡೆ ತೊಳೆದಿದ್ದ. ಒಂದು ಗುರುತೂ ಉಳಿದಿರಲಿಲ್ಲ.

"ಇವತ್ತು ಎಲ್ಲೀಗಂಟ?" ಅಂತ ಕೇಳಿದಳು ಅವಳು.

"ನೀನೇ ಹೇಳು. ನಾನು ಗುರುತು ಹಾಕಲ್ಲ. ನೋವು ಶುರುವಾಗೋ ಮುಂಚೆ ನಿಲ್ಲಿಸೋದು ನಿನಗೆ ಗೊತ್ತಾಯ್ತಲ್ಲ."

ಅವಳ ಬೆರಳು ಹತ್ತಿತು. ಹಳೇ ಜಾಗ ದಾಟಿತು. ಹತ್ತುತ್ತಲೇ ಹೋಯಿತು. ಜವರ ಗೋಡೆಗೆ ಒರಗಿ ಅದನ್ನು ನೋಡುತ್ತಾ ನಿಂತ. ಮಗಳನ್ನು ಕಳಿಸಿಕೊಡುವ ತಾಯಿ ಗಾಡಿ ನೋಡುತ್ತಾಳಲ್ಲ, ಹಾಗೆ.

ಕೆಲವು ದಿನ ಕಳೆದ ಮೇಲೆ ಒಂದು ಮುಂಜಾನೆ ದೇವೀರಿ ಹೊಳೆದಂಡೆಗೆ ಬಂದಳು. ಕೈಯಲ್ಲಿ ಟ್ರಂಕು. ತಲೆಯಲ್ಲಿ ತುರುಬು. ಎಡಕ್ಕೆ ಸೊಟ್ಟ, ಪಿನ್ನು ಎಲ್ಲೆಲ್ಲಿಗೋ ಚುಚ್ಚಿದ್ದಳು. ಅಷ್ಟು ಸೊಟ್ಟಗಿನ ತುರುಬನ್ನು ಅಷ್ಟು ತಲೆ ಎತ್ತಿ ಹೊತ್ತವಳನ್ನು ನಾನು ಬೇರೆ ಕಂಡಿಲ್ಲ.

ಆಚೆ ದಡದ ಶಾಲೆಯಲ್ಲಿ ಬಿಸಿಯೂಟಕ್ಕೆ ಅಡುಗೆಯವಳು ಬೇಕಾಗಿತ್ತಂತೆ. ಅಲ್ಲೇ ಒಂದು ಕೋಣೆಯನ್ನೂ ಕೊಡುತ್ತಾರಂತೆ. ಬಳೆಗಾರ ಆ ದಡದಲ್ಲೇ ಇರಬೇಕು ಅಂದರು ನಮ್ಮವರು.

ಉಸ್ತಾದರ ಕಾಲು ಮುಟ್ಟಿದಳು. ಜವರನ ಮುಂದೆ ನಿಂತಳು. ಹುಡುಗಿಯಾಗಿದ್ದಾಗ ಅವನನ್ನು ಲೋ ಜವರ ಅನ್ನುತ್ತಿದ್ದವಳು.

"ಹೋಗಿಬರ್ತೀನಿ ಜವರಣ್ಣ" ಅಂದಳು.

ಬಟ್ಟೆ ಕಲ್ಲಿನ ಮೇಲೆ ಒಗೆಯುವ ಸದ್ದೇ ನಿಂತಿತು.

"ಜೋಪಾನ" ಅಂದ ಜವರ. "ದೊಡ್ಡ ಪಾತ್ರೆ ಒಬ್ಬಳೇ ಇಳಿಸಬೇಡ. ಚಳಿಗಾಲಕ್ಕೆ ಬಿಸಿ ಮರಳಿನ ಶಾಖ ಬಿಡಬೇಡ."

"ಬಿಡಲ್ಲ."

ದೋಣಿ ಹೋಯಿತು. ನಡುನೀರಿನ ಬಂಡೆಯ ಪಕ್ಕದಲ್ಲೇ ಹಾದು ಹೋಯಿತು. ಅವಳು ಬಂಡೆ ಕಡೆ ತಿರುಗಿ ನೋಡಲಿಲ್ಲ.

ಅಂದೇ ಉಸ್ತಾದರು, "ಇನ್ನು ನೀನು ಹೇಳಿಕೊಡಬಹುದು" ಅಂದರು.

ಅದಕ್ಕೇ ಕಾದವನು, ಆದರೆ ಜವರನ ಮುಖ ಅರಳಲಿಲ್ಲ. ಮಂಡಿ ನೋವಿನ ಜವಳಿ ಅಂಗಡಿಯವನು ಬಂದು ಜಗಲಿಯಲ್ಲಿ ಕಾಯುತ್ತಿದ್ದರೆ ಜವರ ದಡದಲ್ಲಿ ನಿಂತಿರುತ್ತಿದ್ದ. ದಿನಾ ಅದೇ ಆಯಿತು. ಅಂಗಡಿಯವನು ತನ್ನ ಮಂಡಿ ತಾನೇ ನೀವಿಕೊಂಡು ಎದ್ದು ಹೋಗುತ್ತಿದ್ದ.

ಕೊನೆಗೊಂದು ದಿನ ಜವರ ಗುರುವಿನ ಹತ್ತಿರ ಬಂದ.

"ಉಸ್ತಾದ್ರೇ, ನನಗೊಂದು ಸಾಮು ಹೇಳಿ."

ಬೋರಯ್ಯ ಅವನನ್ನು ಹೊಸದಾಗಿ ಬಂದವನಂತೆ ಮೇಲಿಂದ ಕೆಳಗೆ ನೋಡಿದರು.

"ಏನು ಬೇಕು ನಿನಗೆ?"

"ಆ ದಡದ ಕಡೆ ನೋಡದೆ ಇರೋದು."

ಉಸ್ತಾದರು ಅವನ ಭುಜ ಹಿಡಿದು ಮೆಲ್ಲಗೆ ಹೊಳೆಯ ಕಡೆಗೇ ತಿರುಗಿಸಿದರು.

"ನೋಡು" ಅಂದರು. "ನೋವು ಶುರುವಾಗುತ್ತಲ್ಲ, ಅದಕ್ಕೆ ಒಂದು ಬೆರಳು ಈಚೆಗೆ ನಿಲ್ಲಿಸು."